ಕಳ್ಳನಿಗೆ ಕೊಡುವ ಗುರುತನ್ನು ಕವಿಗೂ ಕೊಡಿ

ಇವರಿಗೆ,
ಕನ್ನಡ ದಿನಪತ್ರಿಕೆ, ವಾರಪತ್ರಿಕೆ ಮತ್ತು ಸುದ್ದಿ ಜಾಲತಾಣಗಳ ಸಂಪಾದಕರು ಹಾಗೂ ಡೆಸ್ಕಿನ ಮಿತ್ರರು

ವಿಷಯ: ಒಂದೇ ಹೆಸರಿನ ಇಬ್ಬರು ಗಣ್ಯರನ್ನು ಒಬ್ಬರೇ ಮಾಡಿ ಅಚ್ಚು ಹಾಕುತ್ತಿರುವ ಬಗ್ಗೆ

ಮಾನ್ಯರೇ,

ಕಳೆದ ರೈತ ದಿನದಂದು ಕನ್ನಡದ ಜಾಲತಾಣವೊಂದರಲ್ಲಿ ಶರದ್ ಜೋಶಿಯವರ ಪರಿಚಯ ಲೇಖನ ಬಂದಿತ್ತು. ಜಾಲತಾಣದ ಹೆಸರು ಹೇಳುವುದಿಲ್ಲ. ಈ ಚಾಳಿ ಒಬ್ಬರದೇ ಅಲ್ಲ. ಲೇಖನದ ಪ್ರಕಾರ ಶರದ್ ಜೋಶಿ ಉಜ್ಜಯಿನಿಯಲ್ಲಿ ಹುಟ್ಟಿದವರು, ದೂರದರ್ಶನಕ್ಕೆ ನಗೆ ಧಾರಾವಾಹಿ ಬರೆದವರು, ಸ್ವಿಟ್ಜರ್ಲೆಂಡಿನ ನೌಕರಿ ಬಿಟ್ಟು ಬಂದು ಪುಣೆ ಹತ್ತಿರದ ಚಾಕಣದಲ್ಲಿ ಈರುಳ್ಳಿ ಬೆಳೆಗಾರರನ್ನು ಸಂಘಟಿಸಿದವರು, 1991ರಲ್ಲಿ ತೀರಿಕೊಂಡವರು. ಜೊತೆಗೊಂದು ಚಿತ್ರ. ಅದು ಹಿಂದಿ ವ್ಯಂಗ್ಯ ಲೇಖಕರದು.

ಇಬ್ಬರು ಮನುಷ್ಯರನ್ನು ಕಲಸಿ ಒಬ್ಬನನ್ನು ಮಾಡಿಟ್ಟಿದ್ದರು. ವ್ಯಂಗ್ಯ ಲೇಖಕ ಶರದ್ ಜೋಶಿ 1931ರಲ್ಲಿ ಉಜ್ಜಯಿನಿಯಲ್ಲಿ ಹುಟ್ಟಿದವರು. 'ಯೇ ಜೋ ಹೈ ಜಿಂದಗಿ' ಬರೆದವರು, ನಮ್ಮ ಗಿರೀಶ ಕಾರ್ನಾಡರ 'ಉತ್ಸವ್' ಚಿತ್ರಕ್ಕೆ ಸಂಭಾಷಣೆ ಬರೆದವರು. ಪದ್ಮಶ್ರೀ ಬಂದ ಮರುವರ್ಷವೇ, 1991ರ ಸೆಪ್ಟೆಂಬರಿನಲ್ಲಿ, ಮುಂಬೈಯಲ್ಲಿ ತೀರಿಕೊಂಡರು. ರೈತ ನಾಯಕ ಶರದ್ ಜೋಶಿ 1935ರಲ್ಲಿ ಸಾತಾರಾದಲ್ಲಿ ಹುಟ್ಟಿದವರು. ಅಂಚೆ ಸೇವೆಯಿಂದ ಬರ್ನ್ ನಗರದ ಜಾಗತಿಕ ಅಂಚೆ ಒಕ್ಕೂಟಕ್ಕೆ ಹೋಗಿ, ಆ ನೌಕರಿ ಬಿಟ್ಟು ಬಂದು, ಚಾಕಣದ ಪಕ್ಕದ ಅಂಬೇಠಾಣದಲ್ಲಿ ಜಮೀನು ಕೊಂಡು ಸ್ವತಃ ಬೇಸಾಯಕ್ಕೆ ಇಳಿದರು. ಬೆಳೆದ ಮಾಲಿಗೆ ಹಾಕಿದ ಖರ್ಚೂ ಹುಟ್ಟದ ಲೆಕ್ಕವನ್ನು ಅಲ್ಲಿ ಕಣ್ಣಾರೆ ಕಂಡು ಶೇತಕರಿ ಸಂಘಟನೆ ಕಟ್ಟಿದರು. 2015ರ ಡಿಸೆಂಬರ್ 12ರಂದು ಪುಣೆಯಲ್ಲೇ ಕಣ್ಣು ಮುಚ್ಚಿದರು.

ಇದರಲ್ಲೇನು ಮಹಾ, ಎಂದು ನೀವು ಕೇಳಬಹುದು. 2010ರ ಮಾರ್ಚ್ 9ರಂದು ರಾಜ್ಯಸಭೆಯಲ್ಲಿ ಮಹಿಳಾ ಮೀಸಲಾತಿ ಮಸೂದೆ ಮತಕ್ಕೆ ಬಂದಾಗ ಪರವಾಗಿ ಬಿದ್ದ ಮತ 186, ವಿರೋಧವಾಗಿ ಬಿದ್ದದ್ದು ಒಂದೇ ಒಂದು. ಆ ಒಂದು ಮತ ರೈತ ನಾಯಕ ಜೋಶಿಯವರದು. ಮೀಸಲಾತಿಯ ಆ ವಿಧಾನ ಅವರಿಗೆ ಒಪ್ಪಿಗೆಯಿರಲಿಲ್ಲ. ಹಾಗೆಂದು ಅವರು ಹೆಂಗಸರ ವಿರೋಧಿಯೂ ಅಲ್ಲ. 1986ರಲ್ಲಿ ನಾಸಿಕ್ ಜಿಲ್ಲೆಯ ಚಾಂದವಡದಲ್ಲಿ ರೈತ ಮಹಿಳೆಯರ ದೊಡ್ಡ ಅಧಿವೇಶನ ನಡೆಸಿದವರೂ ಅವರೇ. ಇಂಥ ಮನುಷ್ಯನ ಜೊತೆ ಜಗಳವಾಡುವುದಕ್ಕಾದರೂ ಅವನು ಯಾರೆಂದು ಗೊತ್ತಿರಬೇಕು. ನಿಮ್ಮ ಲೇಖನ ನಂಬಿದರೆ 1991ರಲ್ಲಿ ಸತ್ತವರೊಬ್ಬರು 2010ರಲ್ಲಿ ಎದ್ದು ಬಂದು ಮತ ಹಾಕಿದ ಹಾಗಾಯಿತು. ಕರ್ನಾಟಕದ ಓದುಗರಿಗಂತೂ ಈ ಶರದ್ ಜೋಶಿ ಪರಕೀಯರಲ್ಲ. ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವದ ಕಾಲದಲ್ಲಿ ಮುಕ್ತ ಮಾರುಕಟ್ಟೆ ಬೇಕೆಂದು ಅವರು ಒಂದು ಕಡೆ, ಬೇಡವೇ ಬೇಡವೆಂದು ನಮ್ಮ ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಇನ್ನೊಂದು ಕಡೆ ನಿಂತಿದ್ದರು. ದೇಶದ ರೈತ ಚಳವಳಿ ಎರಡು ದಾರಿ ಹಿಡಿದದ್ದು ಆ ವಾದದಲ್ಲಿ. ಆ ವಾದದ ಒಂದು ಪಕ್ಷದವರನ್ನು ನೀವು ಧಾರಾವಾಹಿ ಬರೆಯಲು ಕಳಿಸಿಬಿಟ್ಟಿರಿ.

ತಪ್ಪು ತೋರಿಸಿ ಮಿಂಚಂಚೆ ಬರೆದೆ. 'ಅಂತರಜಾಲದಲ್ಲಿ ಹಾಗೇ ಇದೆ ಸರ್' ಎಂದು ಉತ್ತರ ಬಂತು. ಕೆಲ ದಿನ ಬಿಟ್ಟು ನೋಡಿದರೆ ಚಿತ್ರ ಬದಲಾಗಿತ್ತು, ಬರಹ ಹಾಗೇ ಇತ್ತು, ತಿದ್ದಿದ್ದೇವೆ ಎಂಬ ಒಂದು ಸಾಲೂ ಇರಲಿಲ್ಲ. ಅಷ್ಟರೊಳಗೆ ಅದೇ ಬರಹ ಇನ್ನೆರಡು ಕಡೆ ನಕಲಾಗಿತ್ತು. ಈ ಬಹಿರಂಗ ಪತ್ರ ಬರೆಯಲು ಅದೇ ಕಾರಣ.

ನಾನಿರುವ ಊರಿನಲ್ಲಿ ಈ ತೊಡಕು ದಿನನಿತ್ಯದ್ದು. ಪುಣೆಯಲ್ಲಿ 'ಜೋಶಿ ಕಾಕಾ' ಎಂದು ಕೂಗಿದರೆ ಅರ್ಧ ವಾಡೆ ತಿರುಗಿ ನೋಡುತ್ತದೆ. ಮೋಹನ್ ಜೋಶಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಒಬ್ಬರು ಮರಾಠಿ ರಂಗಭೂಮಿಯ ಹಿರಿಯ ನಟ; 'ಮೃತ್ಯುದಂಡ', 'ಗಂಗಾಜಲ್' ಚಿತ್ರಗಳ ಖಳನಾಗಿ ಹಿಂದಿ ನೋಡುವವರಿಗೆಲ್ಲ ಗೊತ್ತು. ಇನ್ನೊಬ್ಬರು 2019ರಲ್ಲಿ ಪುಣೆ ಲೋಕಸಭಾ ಕ್ಷೇತ್ರದಿಂದ ಗಿರೀಶ್ ಬಾಪಟರ ಎದುರು ನಿಂತು ಸೋತ ಕಾಂಗ್ರೆಸ್ ನಾಯಕ. ಮೂರನೆಯವರು ಹುಟ್ಟಿಯೇ ಇಲ್ಲ: 1984ರ 'ಮೋಹನ್ ಜೋಶಿ ಹಾಜಿರ್ ಹೋ' ಚಿತ್ರದಲ್ಲಿ ಮನೆ ರಿಪೇರಿ ಮಾಡಿಸದ ಮಾಲೀಕನ ಮೇಲೆ ಕೋರ್ಟಿಗೆ ಹೋಗುವ ಮುದುಕ. ಆ ಪಾತ್ರ ಮಾಡಿದ್ದು ಹಿಂದಿ ಲೇಖಕ ಭೀಷ್ಮ ಸಾಹನಿ. ನಿರ್ದೇಶಿಸಿದ್ದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಸಯೀದ್ ಮಿರ್ಜಾ. ಚಿತ್ರದ ಹೆಸರಿನಲ್ಲಿ ಮೋಹನ್ ಜೋಶಿ ಇದ್ದಾರೆ, ತೆರೆಯ ಮೇಲೆ ನಟ ಮೋಹನ್ ಜೋಶಿ ಇಲ್ಲ. ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಕೂತ ಹುಡುಗ 'ಮೋಹನ್ ಜೋಶಿ' ಎಂದು ಹುಡುಕಿದರೆ ಮೊದಲು ಸಿಕ್ಕ ಮುಖವನ್ನೇ ಹಾಕಿಬಿಡುತ್ತಾನೆ. ಅವನನ್ನು ಬಯ್ದು ಪ್ರಯೋಜನವಿಲ್ಲ. ಹೆಸರಿನ ಹಿಂದೆ ಮುಂದೆ ಏನನ್ನಾದರೂ ಸೇರಿಸಿ ಹುಡುಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಇದು ಮರಾಠಿಯವರ ತಾಪತ್ರಯ ಎಂದು ಕೈ ತೊಳೆದುಕೊಳ್ಳಬೇಡಿ. ನಮ್ಮಲ್ಲೇ ಸಿದ್ಧಲಿಂಗಯ್ಯ ಇಬ್ಬರು. 1972ರಲ್ಲಿ 'ಬಂಗಾರದ ಮನುಷ್ಯ', 1974ರಲ್ಲಿ 'ಭೂತಯ್ಯನ ಮಗ ಅಯ್ಯು' ಕೊಟ್ಟ ನಿರ್ದೇಶಕರು ಒಬ್ಬರು. 'ಹೊಲೆಮಾದಿಗರ ಹಾಡು' ಬರೆದ, ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲೊಬ್ಬರಾದ ಕವಿ ಇನ್ನೊಬ್ಬರು. ಈ ಕವಿ ಸಿನಿಮಾಕ್ಕೂ ಹಾಡು ಬರೆದದ್ದರಿಂದ ಗೊಂದಲ ಇಮ್ಮಡಿ. ಚಿತ್ರಗಳ ಪಟ್ಟಿಯಲ್ಲಿ ಇಬ್ಬರೂ ಸಿಗುತ್ತಾರೆ. ನಿರ್ದೇಶಕರು 2015ರಲ್ಲಿ, ಕವಿ 2021ರಲ್ಲಿ ತೀರಿಕೊಂಡರು. ಒಬ್ಬರ ಕೆಲಸ ಇನ್ನೊಬ್ಬರ ಲೆಕ್ಕಕ್ಕೆ ಜಮೆಯಾದರೆ ಆಕ್ಷೇಪಿಸಲು ಇಬ್ಬರೂ ಈಗ ಇಲ್ಲ. 2017ರಿಂದ ಸುಮಾರು ಒಂದು ವರ್ಷ ಕೇಂದ್ರ ಮಂತ್ರಿಮಂಡಲದಲ್ಲಿ ನಮ್ಮ ರಾಜ್ಯದ ಇಬ್ಬರು ಅನಂತಕುಮಾರರಿದ್ದರು: ಬೆಂಗಳೂರು ದಕ್ಷಿಣದವರು ಒಬ್ಬರು, ಉತ್ತರ ಕನ್ನಡದ ಹೆಗಡೆ ಇನ್ನೊಬ್ಬರು. ಒಬ್ಬರ ಹೇಳಿಕೆಗೆ ಇನ್ನೊಬ್ಬರ ಚಿತ್ರ ಅಂಟಿಸಿದರೆ ಆಗುವ ಅನಾಹುತವನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ನಮ್ಮ ಜನ ಎಂದೋ ಕಂಡುಕೊಂಡಿದ್ದಾರೆ. ಪ್ರಣಯರಾಜ ಶ್ರೀನಾಥ್ ಎಂದರೆ ನಟ, ಜಾವಗಲ್ ಶ್ರೀನಾಥ್ ಎಂದರೆ ಬೌಲರ್. ಹಳ್ಳಿಯ ಕಟ್ಟೆಯ ಮೇಲೆ ಕೂತವರೂ ತಪ್ಪಿಸುವುದಿಲ್ಲ. ಒಬ್ಬರಿಗೆ ಬಿರುದು, ಇನ್ನೊಬ್ಬರಿಗೆ ಊರು. ಅಷ್ಟರಲ್ಲಿ ಕೆಲಸ ಮುಗಿಯಿತು. ಸಂಗೀತಗಾರರಂತೂ ಇದರಲ್ಲಿ ಎಲ್ಲರಿಗಿಂತ ಮುಂದು. ಪುಣೆಯಲ್ಲಿ ಜಂಗಲಿ ಮಹಾರಾಜ ರಸ್ತೆಯ ರಂಗಮಂದಿರ ಬಾಲಗಂಧರ್ವರದು, ಅಂದರೆ ನಾರಾಯಣ ಶ್ರೀಪಾದ ರಾಜಹಂಸರದು. ಪ್ರತಿ ಡಿಸೆಂಬರಿನಲ್ಲಿ ನಡೆಯುವ ಸಂಗೀತೋತ್ಸವ ಸವಾಯಿ ಗಂಧರ್ವರದು, ಅಂದರೆ ಕುಂದಗೋಳದ ರಾಮಭಾವು ಅವರದು. ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಶುರುಮಾಡಿದ್ದು. ಕುಮಾರ ಗಂಧರ್ವರೆಂದರೆ ಬೆಳಗಾವಿ ಹತ್ತಿರದ ಸೂಳೇಭಾವಿಯ ಶಿವಪುತ್ರ ಕೊಂಕಾಳಿಮಠ. ಬಿರುದು ಒಂದೇ, ಕಾಲವೂ ಹೆಚ್ಚುಕಡಿಮೆ ಒಂದರ ಬೆನ್ನಿಗೆ ಒಂದು, ಮೂವರೂ ಹಾಡುವವರೇ. ಆದರೂ ಬಾಲ, ಸವಾಯಿ, ಕುಮಾರ ಎಂಬ ಒಂದೊಂದು ಮಾತು ಮುಂದೆ ಕೂತಿರುವುದರಿಂದ ಯಾರೂ ಒಬ್ಬರ ಧ್ವನಿಮುದ್ರಿಕೆಯನ್ನು ಇನ್ನೊಬ್ಬರದೆಂದು ಕೊಂಡು ಬರುವುದಿಲ್ಲ.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ದತ್ತಾತ್ರೇಯ ರಾಮಚಂದ್ರ ಎಂಬ ಇಬ್ಬರು ಓದಿದ್ದಾರೆ. 1918ರಲ್ಲಿ ಬಿ.ಎ. ಮಾಡಿಕೊಂಡು ಧಾರವಾಡಕ್ಕೆ ಮರಳಿದವರು ಬೇಂದ್ರೆ. 1929ರಲ್ಲಿ ಬಿ.ಎಸ್ಸಿ. ಮಾಡಿಕೊಂಡು ದೇವಳಾಲಿಯಲ್ಲಿ ಶಾಲಾ ಮಾಸ್ತರಾದವರು ಕಾಪ್ರೇಕರ್. ಎಲ್ಲವೂ ಒಂದೇ ಅಲ್ಲದ ನಾಲ್ಕು ಅಂಕಿಗಳನ್ನು ಇಳಿಕೆ, ಏರಿಕೆ ಕ್ರಮದಲ್ಲಿಟ್ಟು ಕಳೆಯುತ್ತ ಹೋದರೆ ಕೊನೆಗೆ 6174ಕ್ಕೆ ಬಂದು ನಿಲ್ಲುತ್ತದೆಂದು ತೋರಿಸಿದವರು ಇವರು. ಕವಿ ಬೇಂದ್ರೆಗೂ ಅಂಕಿಗಳ ಹುಚ್ಚು. 441 ಅವರ ಮೆಚ್ಚಿನ ಸಂಖ್ಯೆ. ಹೆಸರು, ತಂದೆಯ ಹೆಸರು, ಕಾಲೇಜು, ಸಂಖ್ಯೆಯ ಗೀಳು ಎಲ್ಲ ಒಂದೇ ಆದರೂ ಇವರಿಬ್ಬರನ್ನು ಯಾರೂ ಕಲಸಿಲ್ಲ. ದ.ರಾ. ಆದಮೇಲೆ ಬೇಂದ್ರೆಯೋ ಕಾಪ್ರೇಕರೋ ಎಂದು ಬರೆಯುವುದನ್ನು ಯಾರೂ ಬಿಟ್ಟಿಲ್ಲವಲ್ಲ. ಕಲಾವಿದರು ಕೆಲವೊಮ್ಮೆ ತಾವೇ ಹೆಸರು ಬದಲಿಸಿಕೊಂಡು ಬೇರೆಯಾಗಿ ನಿಲ್ಲುತ್ತಾರೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ 2008ರಲ್ಲಿ ಹೊರಬಂದ ರಾಜ್‌ಕುಮಾರ್ ಯಾದವ್, ಹೆಸರಿಗೊಂದು ಒತ್ತಕ್ಷರ ಸೇರಿಸಿ, ಯಾದವ್ ಬಿಟ್ಟು, ರಾಜ್‌ಕುಮ್ಮಾರ್ ರಾವ್ ಆದರು. ಮೊದಲೇ ಹಿಂದಿಯಲ್ಲೊಬ್ಬ ರಾಜ್‌ಕುಮಾರ್, ಕನ್ನಡದಲ್ಲೊಬ್ಬ ರಾಜ್‌ಕುಮಾರ್ ಇರುವಾಗ, ಬದಲಿಸಿದ ಕಾರಣ ಏನೇ ಇರಲಿ, ಅದರಿಂದ ಅನುಕೂಲವೇ ಆಯಿತು.

ಕಾನೂನೂ ಇದನ್ನು ಬಲ್ಲದು. ಒಂದೇ ಹೆಸರಿನ ಇಬ್ಬರು ಕಣದಲ್ಲಿದ್ದರೆ ಅವರ ಉದ್ಯೋಗವನ್ನೋ ವಾಸಸ್ಥಳವನ್ನೋ ಹೆಸರಿನ ಜೊತೆ ಸೇರಿಸಿ ಬೇರ್ಪಡಿಸಬೇಕು ಎಂದು 1961ರ ಚುನಾವಣಾ ನಿರ್ವಹಣಾ ನಿಯಮಗಳಲ್ಲಿದೆ. 2015ರಿಂದ ಮತಯಂತ್ರದ ಮೇಲೆ ಅಭ್ಯರ್ಥಿಯ ಭಾವಚಿತ್ರವೂ ಬಂತು. ಅದಕ್ಕೆ ಕಾರಣವಿದೆ. 2014ರ ಲೋಕಸಭಾ ಚುನಾವಣೆಯಲ್ಲಿ ಪುಣೆಯ ಘಟ್ಟದ ಕೆಳಗಿನ ರಾಯಗಡದಲ್ಲಿ ಸುನೀಲ್ ತಟಕರೆ ಸೋತದ್ದು 2,110 ಮತಗಳಿಂದ. ಅದೇ ಹೆಸರಿನ ಪಕ್ಷೇತರನಿಗೆ ಬಿದ್ದದ್ದು 9,849 ಮತ. 2019ರ ಮಂಡ್ಯದಲ್ಲಿ ಸುಮಲತಾ ಅಂಬರೀಶರ ಜೊತೆ ಇನ್ನೂ ಮೂವರು ಸುಮಲತಾ ನಿಂತಿದ್ದನ್ನು ನೀವೇ ವರದಿ ಮಾಡಿದ್ದೀರಿ. ಇದನ್ನು ನಿಲ್ಲಿಸಿ ಎಂದು 2024ರ ಮೇ ತಿಂಗಳಲ್ಲಿ ಒಬ್ಬರು ಸುಪ್ರೀಂ ಕೋರ್ಟಿಗೆ ಹೋದಾಗ, ತಂದೆತಾಯಿ ಇಟ್ಟ ಹೆಸರಿನ ಕಾರಣಕ್ಕೆ ಯಾರನ್ನೂ ಸ್ಪರ್ಧೆಯಿಂದ ತಡೆಯಲಾಗದು ಎಂಬ ಅರ್ಥದ ಮಾತು ಹೇಳಿ ಕೋರ್ಟು ಅರ್ಜಿ ಕೈಗೆತ್ತಿಕೊಳ್ಳಲಿಲ್ಲ. ಸರಿಯಾದ ಮಾತು. ಹೆಸರು ಯಾರ ಸ್ವತ್ತೂ ಅಲ್ಲ. ಬೇರ್ಪಡಿಸಿ ತೋರಿಸುವ ಹೊಣೆ ಪಟ್ಟಿ ಅಚ್ಚು ಹಾಕುವವರದು.

ಈ ಹೊಣೆ ನಿಮಗೆ ಗೊತ್ತಿಲ್ಲವೆಂದಲ್ಲ. ನಿಮ್ಮದೇ ಅಪರಾಧ ಸುದ್ದಿಯ ಪುಟ ತೆಗೆದು ನೋಡಿ. ಸರಗಳ್ಳತನದ ಆರೋಪಿಯ ಹೆಸರು ಬಂದ ಕೂಡಲೇ ಕಂಸದಲ್ಲಿ ವಯಸ್ಸು, ಆಮೇಲೆ ಊರು, ಬಡಾವಣೆ, ಉದ್ಯೋಗ ಎಲ್ಲ ಕ್ರಮವಾಗಿ ಇರುತ್ತದೆ. ಬೈಕ್ ಕದ್ದವನಿಗೂ ಈ ಮರ್ಯಾದೆ ಸಲ್ಲುತ್ತದೆ. ಅದೇ ಹೆಸರಿನ ಮರ್ಯಾದಸ್ಥ ಯಾರೂ ನಾಳೆ ಕಚೇರಿಗೆ ಬಂದು ಕೂಗಾಡಬಾರದೆಂದು ಹಿಂದಿನವರು ಹಾಕಿಕೊಟ್ಟ ಶಿಸ್ತು ಅದು. ಸಾಂಸ್ಕೃತಿಕ ಪುಟಕ್ಕೆ ಬಂದರೆ ಮಾತ್ರ ಆ ಶಿಸ್ತು ಮಾಯ. 'ಖ್ಯಾತ', 'ಹೆಸರಾಂತ', 'ಮೇರು ವ್ಯಕ್ತಿತ್ವದ' ಎಂಬ ವಿಶೇಷಣಗಳಿಗೆ ಜಾಗವಿದೆ, ಹುಟ್ಟಿದ ಊರಿಗೆ ಜಾಗವಿಲ್ಲ. 'ಖ್ಯಾತ' ಎಂದ ಮಾತ್ರಕ್ಕೆ ಯಾವ ಜೋಶಿ ಎಂದು ತಿಳಿಯುವುದಿಲ್ಲ. 'ಅಂಬೇಠಾಣದ' ಎಂದರೆ ತಿಳಿಯುತ್ತದೆ. ಕೂಗಾಡಲು ಬರುವವರು ಇಲ್ಲವೆಂಬುದೇ ಸಡಿಲಕ್ಕೆ ಕಾರಣವಾಗಿದ್ದರೆ ಅದು ನಾಚಿಕೆಯ ಸಂಗತಿ.

ಈಗಂತೂ ಫೋನಿಗೆ ಕೇಳಿದರೆ ಯಂತ್ರವೇ ಪರಿಚಯ ಬರೆದು ಕೊಡುತ್ತದೆ. ಅದು ಓದಿ ಕಲಿಯುವುದು ನೀವು ಬರೆದದ್ದನ್ನೇ. ಮರಾಠಿ, ಹಿಂದಿಯಲ್ಲಿ ಶರದ್ ಜೋಶಿಯವರ ಬಗ್ಗೆ ಬೇಕಾದಷ್ಟು ಬರಹವಿದೆ. ಒಂದು ತಪ್ಪಾದರೆ ಹತ್ತು ಸರಿ ಸಿಗುತ್ತವೆ. ಕನ್ನಡದಲ್ಲಿ ಅವರ ಬಗ್ಗೆ ಇರುವುದೇ ಬೆರಳೆಣಿಕೆಯಷ್ಟು. ಅದರಲ್ಲಿ ಮೂರು ತಪ್ಪಾದರೆ ಕನ್ನಡದ ಮಟ್ಟಿಗೆ ಅವರು ಉಜ್ಜಯಿನಿಯವರೇ ಆಗಿಹೋಗುತ್ತಾರೆ. ಶಾಲೆಯ ಮಕ್ಕಳು ಪ್ರಾಜೆಕ್ಟ್ ಪುಸ್ತಕದಲ್ಲಿ ಅದನ್ನೇ ಅಂಟಿಸುತ್ತಾರೆ, ಮಾಸ್ತರು ಅದಕ್ಕೆ ಹತ್ತಕ್ಕೆ ಹತ್ತು ಕೊಡುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಮೂರು. ಒಂದು, ಯಾರ ಪರಿಚಯವೇ ಆಗಲಿ, ಮೊದಲ ಸಲ ಹೆಸರು ಬಂದಲ್ಲಿ ಊರು, ಕ್ಷೇತ್ರ, ಹುಟ್ಟಿದ ವರ್ಷ ಮತ್ತು ಇಲ್ಲವಾಗಿದ್ದರೆ ತೀರಿಕೊಂಡ ವರ್ಷ ಹಾಕಿ. ಇದಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗ ಬೇಡ. ಎರಡು, ಚಿತ್ರ ಹಾಕುವ ಮುನ್ನ ಅದೇ ಹೆಸರಿನವರು ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿ. ಅನುಮಾನವಿದ್ದರೆ ಚಿತ್ರವೇ ಬೇಡ. ಚಿತ್ರವಿಲ್ಲದ ಲೇಖನದಿಂದ ಯಾರಿಗೂ ನಷ್ಟವಿಲ್ಲ. ಮೂರು, ತಿದ್ದಿದರೆ ತಿದ್ದಿದ್ದೇವೆಂದು ಅದೇ ಜಾಗದಲ್ಲಿ, ತಾರೀಖಿನ ಸಮೇತ ಬರೆಯಿರಿ. ಸದ್ದಿಲ್ಲದೆ ಬದಲಾಯಿಸಿದ ಪುಟ ಮೊದಲು ಓದಿದವನಿಗೆ ಏನನ್ನೂ ತಿಳಿಸುವುದಿಲ್ಲ, ನಕಲು ಮಾಡಿದವರನ್ನು ಎಚ್ಚರಿಸುವುದೂ ಇಲ್ಲ.

ಇವು ಮೂರೂ ದುಡ್ಡು ಬೇಡದ ಕೆಲಸಗಳು. ಮುಂದಿನ ರೈತ ದಿನದೊಳಗೆ ಯಾವ ಪತ್ರಿಕೆ ಅಥವಾ ಜಾಲತಾಣ ಇದನ್ನು ನಿಯಮವಾಗಿ ಮಾಡಿಕೊಂಡಿತೆಂದು ತಿಳಿಸಿದರೆ, ಇಲ್ಲಿನ ಕನ್ನಡಿಗರಿಗೆಲ್ಲ ಹೇಳಿ ಅದಕ್ಕೇ ಚಂದಾದಾರರಾಗುತ್ತೇವೆ.

ನಿಯಮ ಮೊದಲು ನನಗೇ ಅನ್ವಯಿಸಲಿ.

ಇಂತಿ ತಮ್ಮ ವಿಶ್ವಾಸಿ,
ಜೋಶಿ
(ಮೂಲ ಊರು ಗದಗ, ವಾಸ ಪುಣೆಯ ಕೋಥ್ರೂಡ್, ನಿವೃತ್ತ ಬ್ಯಾಂಕ್ ಗುಮಾಸ್ತ. ಭೀಮಸೇನ, ಶರದ್, ಮೋಹನ್ ಈ ಯಾರಿಗೂ ನೆಂಟನಲ್ಲ. ಹಾಡಲು ಬಾರದು, ನಟಿಸಲು ಬಾರದು, ಚುನಾವಣೆಗೆ ನಿಲ್ಲುವ ಉದ್ದೇಶವಿಲ್ಲ. ಚಿತ್ರ ಹಾಕುವ ಅಗತ್ಯವಿಲ್ಲ.)