ಬಚ್ಚಲ ಒಲೆಗೂ ಒಂದು ಸರದಿ ಬರಲಿ



ಬೇಸಿಗೆ ಕಾಲಿಡುತ್ತಿದ್ದಂತೆ ಅನೇಕ ಮನೆಗಳಲ್ಲಿ ಒಂದೇ ಮಾತು: 'ಈ ವರ್ಷ ಹೇಗಾದರೂ ಎಸಿ ಹಾಕಿಸಿಬಿಡೋಣ.' ಜಮಖಂಡಿ ತಾಲೂಕಿನ ಹುನ್ನೂರಿನಂಥ ಊರಿನಲ್ಲಿ ಈ ಆಸೆ ತಪ್ಪೆನ್ನಲಾಗದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸು ಇರುತ್ತದೆ. ತಗಡಿನ ಸೂರಿನಡಿ ಮಧ್ಯಾಹ್ನ ಮಗುವನ್ನು ಮಲಗಿಸುವ ತಾಯಿಗೆ, ರಾತ್ರಿಯಿಡೀ ಹೊರಳಾಡುವ ವಯಸ್ಸಾದ ಅತ್ತೆಗೆ ಆ ಸೆಖೆ ಏನೆಂದು ಗೊತ್ತು. ಅಂಗಡಿಯವರು ಕಂತಿನ ಮೇಲೆ ಕೊಡಲು ಸಿದ್ಧರಿದ್ದಾರೆ. ಆದರೆ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಇಡೀ ಮನೆಯನ್ನೊಮ್ಮೆ ಸುತ್ತಿ ಬನ್ನಿ. ಸೆಖೆ ಎಲ್ಲಿಂದ ಬರುತ್ತಿದೆ? ಬಿಸಿನೀರಿಗೆ ಯಾರು ಬೆಲೆ ತೆರುತ್ತಿದ್ದಾರೆ? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಹಣವನ್ನು ಮೊದಲು ಎಲ್ಲಿ ಹಾಕಬೇಕೆಂದು ತಾನಾಗಿಯೇ ತಿಳಿಯುತ್ತದೆ.

ಮೊದಲು ಸೂರು

ಹಿಂದಿನ ಮಾಳಿಗೆ ಮನೆಗಳ ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆ ಬಿಸಿಲನ್ನು ಒಳಗೆ ಬಿಡಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿದ್ದವು. ಈಗ ಅವುಗಳ ಜಾಗದಲ್ಲಿ ಸ್ಲ್ಯಾಬ್ ಅಥವಾ ತಗಡು ಬಂದಿದೆ. ತಗಡು ಬಿಸಿಲು ಬಿದ್ದೊಡನೆ ಕಾಯುತ್ತದೆ. ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿ ಆ ಬಿಸಿಯನ್ನು ಕೋಣೆಯೊಳಗೆ ಬಿಡುತ್ತದೆ. ಮಲಗುವ ಹೊತ್ತಿಗೆ ಫ್ಯಾನಿನಿಂದ ಬಿಸಿಗಾಳಿ ಬರುವುದು ಇದೇ ಕಾರಣಕ್ಕೆ. ಇಂಥ ಸೂರಿನಡಿ ಎಸಿ ಹಾಕಿದರೆ ಅದು ದುಡಿಯುವುದು ನಿಮಗಾಗಿ ಅಲ್ಲ, ಸೂರಿನ ಬಿಸಿಯನ್ನು ಹೊರಹಾಕಲು.

ಪರಿಹಾರ ದುಬಾರಿಯಲ್ಲ. ಬೇಸಿಗೆಗೆ ಮುನ್ನ ಮಾಳಿಗೆಯನ್ನು ಗುಡಿಸಿ ತೊಳೆದು ಎರಡು ಮೂರು ಕೈ ಬಿಳಿ ಸುಣ್ಣ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಮಳೆಗೆ ಸುಣ್ಣ ತೊಳೆದು ಹೋಗುವುದರಿಂದ ವರ್ಷಕ್ಕೊಮ್ಮೆ ಬಳಿಯಬೇಕು. ಇದು ಬಡವರ ಸಮಾಧಾನವೆಂದು ಭಾವಿಸಬೇಡಿ. 2010ರ ಭೀಕರ ಬಿಸಿಗಾಳಿಯ ನಂತರ ಅಹಮದಾಬಾದ್ ನಗರ 2013ರಲ್ಲಿ ಬಿಸಿಲಿನಿಂದ ರಕ್ಷಣೆಯ ಯೋಜನೆ ಮಾಡಿಕೊಂಡಿತು. 2017ರಲ್ಲಿ ಸೂರಿಗೆ ಬಿಳಿ ಬಳಿಯುವ ಕಾರ್ಯಕ್ರಮವನ್ನೂ ಕೈಗೊಂಡಿತು. ತೆಲಂಗಾಣ ಸರಕಾರ 2023ರಲ್ಲಿ ತಂಪು ಸೂರಿಗೆಂದೇ ಒಂದು ನೀತಿ ತಂದಿದೆ. ತಗಡಿನ ಮನೆಯಾದರೆ ಅದರ ಕೆಳಗೆ ಒಂದು ಗೇಣು ಜಾಗ ಬಿಟ್ಟು ಸೀಲಿಂಗ್ ಮಾಡಿಸುವುದು ಒಳ್ಳೆಯದು. ಒಲೆ ಉರಿಯುವ ಕಡೆ ಮಾತ್ರ ಬೆಂಕಿ ಹಿಡಿಯುವ ವಸ್ತು ಬಳಸಬೇಡಿ.

ನಂತರ ಫ್ಯಾನು, ಕೂಲರು

ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ. ಈಗ ಬರುವ 'ಬಿಎಲ್‌ಡಿಸಿ' ಫ್ಯಾನು ಅಷ್ಟೇ ಗಾಳಿಯನ್ನು ಸುಮಾರು 30 ವ್ಯಾಟ್‌ನಲ್ಲಿ ಕೊಡುತ್ತದೆ. ದಿನಕ್ಕೆ 15 ಗಂಟೆ ತಿರುಗಿದರೆ ಒಂದು ಫ್ಯಾನಿನಿಂದ ತಿಂಗಳಿಗೆ ಸುಮಾರು 20 ಯೂನಿಟ್ ಉಳಿತಾಯ. ಮೂರು ಫ್ಯಾನುಗಳಿದ್ದರೆ 60 ಯೂನಿಟ್. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ನಕ್ಷತ್ರದ ಚೀಟಿ ಕಡ್ಡಾಯವಾಗಿದೆ, ಅದನ್ನು ನೋಡಿಯೇ ಕೊಳ್ಳಿ. ಎಲ್ಲವನ್ನೂ ಒಮ್ಮೆಲೇ ಬದಲಿಸಬೇಕಿಲ್ಲ. ಅತಿ ಹೆಚ್ಚು ಹೊತ್ತು ತಿರುಗುವ ಫ್ಯಾನಿನಿಂದ ಆರಂಭಿಸಿ. ರಬಕವಿ, ಬನಹಟ್ಟಿಯ ನೇಕಾರರ ಮನೆಯಾದರೆ ಅದು ಮಗ್ಗದ ಕೋಣೆಯದ್ದೇ ಇರಬಹುದು. ಬಾಡಿಗೆ ಮನೆಯವರು ಬಿಟ್ಟು ಹೋಗುವಾಗ ಫ್ಯಾನನ್ನು ಕಳಚಿಕೊಂಡು ಹೋಗಬಹುದು.

ನಮ್ಮ ಕಡೆಯ ಒಣ ಬಿಸಿಲಿಗೆ ಕೂಲರ್ ಚೆನ್ನಾಗಿ ಒಗ್ಗುತ್ತದೆ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರುವುದೇ ಅದರ ಗುಟ್ಟು. ಆದ್ದರಿಂದ ಕೂಲರ್ ಹಚ್ಚಿ ಕಿಟಕಿ ಬಾಗಿಲು ಮುಚ್ಚಬಾರದು, ಒದ್ದೆ ಗಾಳಿ ಹೊರಹೋಗಲು ದಾರಿ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿ ತೊಟ್ಟಿಯನ್ನು ಒಣಗಿಸಿ, ಇಲ್ಲವಾದರೆ ಅಲ್ಲಿ ಡೆಂಗಿ ಸೊಳ್ಳೆ ಸಂಸಾರ ಹೂಡುತ್ತದೆ.

ಇನ್ನು ಬಚ್ಚಲು

ಇದೇ ಎಲ್ಲರೂ ಮರೆಯುವ ಮೂಲೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಎಷ್ಟೋ ಅಡುಗೆ ಮನೆಗಳಿಗೆ ಗ್ಯಾಸ್ ಬಂತು. ಆದರೆ ಹೊಗೆ ಮನೆ ಬಿಟ್ಟು ಹೋಯಿತೇ? ಅನೇಕ ಕಡೆ ಅದು ಅಡುಗೆ ಮನೆಯಿಂದ ಬಚ್ಚಲಿಗೆ ಸರಿಯಿತಷ್ಟೇ. ಹಂಡೆಯ ಕೆಳಗೆ ಇಂದಿಗೂ ಕಬ್ಬಿನ ರವದಿ, ತೊಗರಿ ಕಟ್ಟಿಗೆ, ಕೆಲವೊಮ್ಮೆ ಪ್ಲಾಸ್ಟಿಕ್ ಕೂಡ ಉರಿಯುತ್ತದೆ. 'ಕಟ್ಟಿಗೆ ಪುಕ್ಕಟೆ ಸಿಗುತ್ತದಲ್ಲ' ಎನ್ನುತ್ತಾರೆ ಗಂಡಸರು. ಚಳಿಗಾಲದಲ್ಲಿ ಫಜ್ರ್‌ಗೆ ಮುನ್ನ ಎದ್ದು, ಎಲ್ಲರ ವುಝೂಗೆ, ಸ್ನಾನಕ್ಕೆ ನೀರು ಕಾಯಿಸಲು ಊದುಗೊಳವೆ ಹಿಡಿದು ಕೂರುವವಳ ಕಣ್ಣು, ಎದೆ ಪುಕ್ಕಟೆಯೇ? ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಪ್ಲಾಸ್ಟಿಕ್ಕನ್ನಂತೂ ಇಂದೇ ನಿಲ್ಲಿಸಿ, ಅದರ ಹೊಗೆ ವಿಷ.

ನೀರು ಕಾಯಿಸಲು ಎಷ್ಟು ಕರೆಂಟು ಬೇಕು? 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 40ಕ್ಕೆ ತರಲು ಸುಮಾರು ಅರ್ಧ ಯೂನಿಟ್. ದಿನಕ್ಕೆ ಐದು ಬಕೆಟ್ ಎಂದರೆ ತಿಂಗಳಿಗೆ 70 ಯೂನಿಟ್. ರಾಡ್ ಆಗಲಿ, ಗೀಸರ್ ಆಗಲಿ ಈ ಲೆಕ್ಕ ಹೆಚ್ಚು ಬದಲಾಗದು. ರಾಡಿನಲ್ಲಿ ಶಾಕ್ ಹೊಡೆಯುವ ಅಪಾಯ ಬೇರೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ನಂತರವೇ ನೀರು ಮುಟ್ಟಬೇಕು. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಬಿಸಿಲಿನ ನಾಡಿಗೆ ಸೋಲಾರ್ ಹಂಡೆಯೇ ಸರಿ. ಮೂರು ನಾಲ್ಕು ಜನರ ಮನೆಗೆ 100 ಲೀಟರಿನದು ಸಾಕು. ಹಾಕಿಸುವಾಗ ಮೂರು ವಿಷಯ ಗಮನಿಸಿ: ಅದು ದಕ್ಷಿಣಕ್ಕೆ ಮುಖ ಮಾಡಿರಬೇಕು, ನೆರಳು ಬೀಳಬಾರದು, ತಣ್ಣೀರ ಟಾಕಿ ಅದಕ್ಕಿಂತ ಎತ್ತರದಲ್ಲಿರಬೇಕು. ಬೋರಿನ ಗಡುಸು ನೀರಾದರೆ ಕೊಳವೆಗಳಲ್ಲಿ ಸುಣ್ಣದ ಪದರು ಕಟ್ಟುತ್ತದೆ. ಗಡುಸು ನೀರಿಗೆ ತಕ್ಕ ಮಾದರಿಯನ್ನೇ ಕೇಳಿ ಪಡೆಯಿರಿ.

ಅಷ್ಟು ಹಣ ಸದ್ಯಕ್ಕಿಲ್ಲವೇ? ಒಲೆಯನ್ನಾದರೂ ಸರಿಪಡಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ವಿಭಾಗ 1980ರ ದಶಕದಲ್ಲಿ ಹೊಗೆ ಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. ಬೆಂಕಿಯನ್ನು ಸುತ್ತ ಮುಚ್ಚಿ, ಶಾಖವನ್ನು ಪಾತ್ರೆಗೇ ಮುಟ್ಟಿಸಿ, ಹೊಗೆಯನ್ನು ಸೂರಿನ ಮೇಲಕ್ಕೆ ಕಳಿಸುವುದು ಅದರ ತತ್ವ. ಅದೇ ತತ್ವದಲ್ಲಿ ಬಚ್ಚಲ ಒಲೆ ಕಟ್ಟಿಸಿದರೆ ಕಟ್ಟಿಗೆಯೂ ಕಡಿಮೆ, ಹೊಗೆಯೂ ಕಡಿಮೆ.

ಕೊನೆಗೆ ಎಸಿ

ಕಾಯಿಲೆಯವರಿದ್ದು ಎಸಿ ಬೇಕೇ ಬೇಕೆಂದಾದರೆ ಹಾಕಿಸಿ. ಆದರೆ ಅಗ್ಗಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಎಸಿಗೆ ಮರುಳಾಗಬೇಡಿ. ಒಂದೂವರೆ ಟನ್ನಿನ ಹಳೆಯ ಎಸಿ ಗಂಟೆಗೆ ಒಂದೂವರೆ ಯೂನಿಟ್‌ವರೆಗೆ ತಿನ್ನುತ್ತದೆ. ರಾತ್ರಿ ಆರು ಗಂಟೆ ನಡೆದರೆ ತಿಂಗಳಿಗೆ 270 ಯೂನಿಟ್ ಆದೀತು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ನಿಯಮದಂತೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಅಗ್ಗದ ಎಸಿ ಪುಕ್ಕಟೆ ಕರೆಂಟನ್ನೂ ಕಳೆಯುತ್ತದೆ. ಐದು ನಕ್ಷತ್ರದ ಇನ್ವರ್ಟರ್ ಎಸಿ ಬೆಲೆಯಲ್ಲಿ ಹೆಚ್ಚು, ಖರ್ಚಿನಲ್ಲಿ ಕಡಿಮೆ. ಅದನ್ನು 24 ಡಿಗ್ರಿಗಿಂತ ಕೆಳಗಿಳಿಸದೆ, ಜೊತೆಗೆ ಫ್ಯಾನು ಹಚ್ಚಿ ನೋಡಿ.

ಸಹೋದರಿಯರೇ, ಮನೆಗೆ ಏನು ಕೊಳ್ಳಬೇಕೆಂಬ ಮಾತು ಬಂದಾಗ ನಾವು ಚಹಾ ಕೊಟ್ಟು ಒಳಗೆ ಹೋಗಿಬಿಡುತ್ತೇವೆ. ಈ ಸಲ ಕುಳಿತುಕೊಳ್ಳಿ. ಕಳೆದ ಮೂರು ತಿಂಗಳ ಕರೆಂಟ್ ಬಿಲ್ಲನ್ನು ಮುಂದಿಡಿ. ಸುಣ್ಣಕ್ಕೆ ಎಷ್ಟು, ಫ್ಯಾನಿಗೆ ಎಷ್ಟು, ಸೋಲಾರ್‌ಗೆ ಎಷ್ಟು ಎಂದು ಚೀಟಿಯಲ್ಲಿ ಬರೆದು ತೋರಿಸಿ. ಹೊರಗಿನ ಕೋಣೆಯ ತಂಪು ಬಂದವರ ಕಣ್ಣಿಗೆ ಕಾಣುತ್ತದೆ. ಬಚ್ಚಲ ಹೊಗೆ ಅದನ್ನು ಊದುವವಳಿಗೆ ಮಾತ್ರ ಗೊತ್ತು. ಅವಳು ಬಾಯಿಬಿಟ್ಟು ಹೇಳಿದರೆ ಮನೆಯವರೂ ಕೇಳಿಯಾರು.