ಸುರಂಗ ತೋಡಿದ್ದು ಯಾವ ರಾಜನೂ ಅಲ್ಲ

ಆಟಿ ತಿಂಗಳ ಮಳೆಗೆ ನಮ್ಮೂರಿನ ಒಂದು ಅಡಿಕೆ ತೋಟದ ಮೇಲಿನ ದರೆ ಜರಿದು ಗುಹೆಯೊಂದು ಬಾಯಿ ತೆರೆಯಿತು. ಅದು ಟಿಪ್ಪುವಿನ ಕಳ್ಳದಾರಿಯಲ್ಲ, ನೀರಿಗಾಗಿ ಯಾರೋ ಕೊರೆದ ಸುರಂಗ ಎಂದು ನಾನು ಬರೆದೆ. ಆಮೇಲೆ ಬಂದದ್ದು ಬೈಗುಳ. ಬೈದವರಲ್ಲಿ ಹೆಚ್ಚಿನವರು ಪರಿಚಿತರೇ. ಕೆಲವರು ಮನೆಗೇ ಬಂದು, ಚಹಾ ಕುಡಿದು, ಬೈದು ಹೋದರು. ಅವರ ಮಾತಿಗೆ ಒಂದೊಂದಾಗಿ ಉತ್ತರ ಕೊಡುವುದು ನ್ಯಾಯ.

ಅದಕ್ಕೆ ಮೊದಲು ಒಳಗೆ ಏನಿದೆ ಎಂದು ಹೇಳಿಬಿಡುತ್ತೇನೆ, ಏಕೆಂದರೆ ಬೈದವರಲ್ಲಿ ಒಬ್ಬರೂ ಒಳಗೆ ಹೊಕ್ಕಿಲ್ಲ. ಸುರಂಗದ ಕೆಲಸ ಬಲ್ಲ ಇಬ್ಬರ ಹಿಂದೆ ನಾನು ಹೋದೆ. ಬಾಯಿಯಲ್ಲಿ ಬಗ್ಗಬೇಕು, ಒಳಗೆ ನೆಟ್ಟಗೆ ನಡೆಯಬಹುದು, ಆದರೆ ಎರಡೂ ಭುಜ ಗೋಡೆಗೆ ತಾಗುತ್ತವೆ. ಮುರಕಲ್ಲಿನ ಗೋಡೆಯ ತುಂಬ ಪಿಕ್ಕಾಸಿನ ಗೀರುಗಳು, ಎಲ್ಲವೂ ಒಂದೇ ಓರೆಯಲ್ಲಿ ಇಳಿದಿವೆ. ನೆಲದಿಂದ ಮೊಣಕಾಲೆತ್ತರದಲ್ಲಿ ಅಂಗೈಯಷ್ಟು ಗೂಡು, ಅದರ ಮೇಲೆ ಮಸಿ. ಕುಕ್ಕರಗಾಲಿನಲ್ಲಿ ಕೂತು ಅಗೆಯುವವನು ದೀಪ ಇಟ್ಟುಕೊಳ್ಳುವ ಜಾಗ ಅದು. ಇನ್ನಷ್ಟು ಮುಂದೆ ಹೋದರೆ ಗೀರುಗಳು ನಿಲ್ಲುತ್ತವೆ. ಅಲ್ಲಿಂದಾಚೆ ಮನುಷ್ಯ ಕಡಿದ ಗುರುತಿಲ್ಲ. ಮೇಲೆ ಗಟ್ಟಿ ಮುರದ ಚಪ್ಪರ, ಕೆಳಗೆ ಕಾಲು ಹೂಳುವ ಶೇಡಿ ಮಣ್ಣು, ನಡುವೆ ಅಂಕುಡೊಂಕಾದ ಪೊಳ್ಳು, ಮೂಲೆಯಲ್ಲಿ ಜಿನುಗುವ ನೀರು, ಬಾವಲಿಗಳು. ಅಲ್ಲಿ ದೀಪ ಮಂಕಾಯಿತು, ಹಿಂದೆ ಬಂದೆವು.

ಈಗ ಮೊದಲ ಆಕ್ಷೇಪ: "ಇದು ಬೇಕಲ ಕೋಟೆಗೆ ಹೋಗುವ ರಾಜಮಾರ್ಗ, ಹಿರಿಯರು ಹೇಳಿದ್ದಾರೆ." ಇನ್ನೊಬ್ಬ ಹಿರಿಯರು ಜಮಲಾಬಾದಿಗೆ ಎಂದಿದ್ದಾರೆ. ಮೂರನೆಯವರ ಪ್ರಕಾರ ಮಂಗಳೂರಿನ ಸುಲ್ತಾನ್ ಬತ್ತೇರಿಗೆ. ಒಂದೇ ಬಿಲಕ್ಕೆ ಮೂರು ಕೋಟೆ. ಬೇಕಲವನ್ನೇ ತೆಗೆದುಕೊಳ್ಳೋಣ. 1650ರ ಸುಮಾರಿಗೆ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಕೋಟೆ ಅದು. ನಮ್ಮೂರಿನಿಂದ ಗೆರೆ ಎಳೆದ ಹಾಗೆ ಹೋದರೂ ಮೂವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ, ನಡುವೆ ಪಯಸ್ವಿನಿಯನ್ನು ದಾಟಲೇಬೇಕು. ಹೊಳೆಯ ತಳದಡಿ ಶೇಡಿ ಮಣ್ಣಿನಲ್ಲಿ ಬಿಲ ಕೊರೆದು ಅದರೊಳಗೆ ಕುದುರೆ ಓಡಿಸಿದರು ಎಂದು ನಂಬಬೇಕಂತೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡುವ ಮೊದಲು ಎಂಜಿನಿಯರುಗಳನ್ನು ಅತಿ ಹೆಚ್ಚು ಸತಾಯಿಸಿದ್ದು ಬಂಡೆ ಕೊರೆದ ಸುರಂಗಗಳಲ್ಲ, ಮೆದುಮಣ್ಣಿನ ಒಂಬತ್ತು ಸುರಂಗಗಳು. ಗೋವಾದ ಪೆರ್ನೆಂ ಸುರಂಗ ಒಂದೂವರೆ ಕಿಲೋಮೀಟರ್ ಅಷ್ಟೇ. ಅದು ಮತ್ತೆ ಮತ್ತೆ ಕುಸಿದು ವರ್ಷಗಟ್ಟಲೆ ಕಾಡಿತು. ಅದೂ ಯಂತ್ರಗಳಿದ್ದ ಕಾಲದಲ್ಲಿ.

ಮಣ್ಣಿನ ಲೆಕ್ಕವನ್ನೂ ನೋಡಿ. ಆರಡಿ ಎತ್ತರ, ಎರಡೂವರೆ ಅಡಿ ಅಗಲ, ಮೂವತ್ತು ಕಿಲೋಮೀಟರ್ ಉದ್ದ ಎಂದರೆ ಹತ್ತಿರ ಹತ್ತಿರ ಹದಿನೈದು ಲಕ್ಷ ಘನ ಅಡಿ ಮಣ್ಣು. 250 ಘನ ಅಡಿ ಹಿಡಿಸುವ ಟಿಪ್ಪರಿನಲ್ಲಿ ಸಾಗಿಸಿದರೆ ಆರು ಸಾವಿರ ಲೋಡು. ಅದೆಲ್ಲ ಎಲ್ಲಿ ಹೋಯಿತು? ನಮ್ಮ ಗುಹೆಯಿಂದ ಬಂದ ಮಣ್ಣು ಎಲ್ಲಿ ಹೋಯಿತು ಎಂದು ನಾನು ತೋರಿಸಬಲ್ಲೆ. ಬಾಯಿಯ ಎದುರಿಗೇ ತೋಟದ ಒಂದು ತಟ್ಟು ಉಳಿದ ತಟ್ಟುಗಳಿಗಿಂತ ಎತ್ತರವಾಗಿದೆ. ಬುಟ್ಟಿಯಲ್ಲಿ ಹೊತ್ತು ತಂದು ಸುರಿದು, ಸಮ ಮಾಡಿ, ಅಡಿಕೆ ನೆಟ್ಟಿದ್ದಾರೆ. ಈ ಕಡೆಯ ಎಷ್ಟೋ ಸುರಂಗಗಳ ಎದುರು ಇಂಥದೇ ತಟ್ಟು ಸಿಗುತ್ತದೆ.

"ಗೋಡೆ ಇಷ್ಟು ನಯವಾಗಿ, ನೇರವಾಗಿ ಇರಬೇಕಾದರೆ ಅರಮನೆಯ ಶಿಲ್ಪಿಗಳೇ ಬೇಕು" ಎಂಬ ಮಾತಿಗೆ ಸಿಟ್ಟೇ ಬರುತ್ತದೆ. ಮುರಕಲ್ಲಿನ ಗುಣವೇ ಅದು. 1800-01ರಲ್ಲಿ ಈ ಸೀಮೆಯಲ್ಲೆಲ್ಲ ಓಡಾಡಿದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ: ನೆಲದೊಳಗೆ ಇರುವಾಗ ಕಬ್ಬಿಣದ ಯಾವ ಹತ್ಯಾರಿಗೂ ಬಗ್ಗುತ್ತದೆ, ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಬರಡು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದರು. ಹಗಲು ಕೂಲಿ ಕೆಲಸ, ಅದು ಮುಗಿದ ಮೇಲೆ ಸುರಂಗ. ಒಂದರ ಮೇಲೊಂದು ಸುರಂಗ ನೀರಿಲ್ಲದೆ ವ್ಯರ್ಥವಾದರೂ ಬಿಡದೆ ಕೊನೆಗೆ ನೀರು ಕಂಡು ತೋಟ ಎಬ್ಬಿಸಿದರು. 2022ರಲ್ಲಿ ಪದ್ಮಶ್ರೀ ಬಂತು. ಅವರ ಸುರಂಗಕ್ಕೆ ಅರಮನೆಯ ಶಿಲ್ಪಿ ಬೇಕಾಗಲಿಲ್ಲ. ಕಾಸರಗೋಡಿನಿಂದ ದಕ್ಷಿಣ ಕನ್ನಡದವರೆಗೆ ಇಂಥ ಸುರಂಗಗಳು ಸಾವಿರಾರು ಇವೆ, ತೋಡಿದವರ ಹೆಸರು ಮಾತ್ರ ಹೆಚ್ಚಿನವಕ್ಕೆ ಇಲ್ಲ. ಕೂಲಿಯಾಳು ಬೆವರು ಸುರಿಸಿ ಕೊರೆದದ್ದನ್ನು ಎರಡು ತಲೆಮಾರು ಕಳೆಯುವಷ್ಟರಲ್ಲಿ ಸುಲ್ತಾನನ ಖಾತೆಗೆ ಬರೆದುಬಿಡುತ್ತೇವೆ. ನನ್ನ ತಕರಾರು ಮುಖ್ಯವಾಗಿ ಇದೇ. ಟಿಪ್ಪುವಿನ ಪರವೂ ಅಲ್ಲ, ವಿರೋಧವೂ ಅಲ್ಲ. ದಯವಿಟ್ಟು ಆ ಜಗಳವನ್ನು ಗುಹೆಯೊಳಕ್ಕೆ ಎಳೆಯಬೇಡಿ.

ಒಬ್ಬರ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಂಡಿದ್ದೇನೆ. ಅವರ ಅಜ್ಜನ ಕಾಲದಲ್ಲಿ ಗುಡ್ಡೆಯ ಮೇಲಿನ ಒಂದು ಗುಂಡಿಗೆ ಭತ್ತದ ಉಮಿ ಸುರಿದರೆ ಅದು ಕೆಳಗಿನ ತೋಡಿನ ಒರತೆಯಲ್ಲಿ ತೇಲಿ ಬರುತ್ತಿತ್ತಂತೆ. ಊರೂರಿನಲ್ಲೂ ಈ ಕಥೆಯಿದೆ. ಕೆಲವು ಕಡೆ ಉಮಿ, ಕೆಲವು ಕಡೆ ಲಿಂಬೆಹಣ್ಣು, ಕೆಲವು ಕಡೆ ನಾಯಿ. ನಾಯಿಯನ್ನು ಬಿಟ್ಟುಬಿಡೋಣ. ಆದರೆ ಉಮಿಯ ಕಥೆ ಒಳ್ಳೆಯ ಪರೀಕ್ಷೆ. ಭೂವಿಜ್ಞಾನಿಗಳೂ ಬಣ್ಣ ಬೆರೆಸಿದ ನೀರು ಬಿಟ್ಟು ಅದು ಎಲ್ಲಿ ಹೊರಡುತ್ತದೆ ಎಂದು ಹೀಗೆಯೇ ಕಾಯುತ್ತಾರೆ. ಗಟ್ಟಿ ಮುರದ ಕೆಳಗಿನ ಶೇಡಿ ಮಣ್ಣನ್ನು ಮಳೆನೀರು ವರ್ಷವರ್ಷವೂ ಕೊರೆದು ಒಯ್ದರೆ ಒಳಗೆ ಕೊಳವೆಯಂಥ ದಾರಿಗಳಾಗುತ್ತವೆ. ಕಾಸರಗೋಡು, ಕಣ್ಣೂರು ಕಡೆಗಳಲ್ಲಿ ನೆಲ ಏಕಾಏಕಿ ಕುಸಿದದ್ದಕ್ಕೆ ಇದೇ ಕಾರಣವೆಂದು ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರದವರು ಗುರುತಿಸಿದ್ದಾರೆ. ನಮ್ಮ ಗುಹೆಯಲ್ಲಿ ಗೀರುಗಳು ನಿಂತ ಮೇಲೆ ಸಿಗುವ ಪೊಳ್ಳು ಅಂಥದ್ದೇ ಎಂದು ನನ್ನ ಅಂದಾಜು. ಅಜ್ಜ ಕಂಡದ್ದು ಸುಳ್ಳಲ್ಲ. ಉಮಿ ಹೋಗುವ ದಾರಿಯಲ್ಲಿ ಸೈನ್ಯ ಹೋಗಲಾರದು, ಅಷ್ಟೇ.

"ಒಳಗಿನಿಂದ ತಣ್ಣನೆ ಗಾಳಿ ಬೀಸುತ್ತದೆ, ಆಚೆ ಇನ್ನೊಂದು ಬಾಯಿ ಇದ್ದೇ ಇದೆ." ಇರಬಹುದು, ಇಲ್ಲದೆಯೂ ಬೀಸುತ್ತದೆ. ಒಳಗಿನ ಗಾಳಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ಹೊರಗೆ ಬಿಸಿಲೇರಿದಾಗ ಒಳಗಿನ ತಂಪು ಗಾಳಿ ಭಾರಕ್ಕೆ ಕೆಳಗಿಳಿದು ಬಾಯಿಯಿಂದ ಹರಿಯುತ್ತದೆ. ಚುಮುಚುಮು ಬೆಳಗಿನಲ್ಲಿ ಅದೇ ಬಾಯಿಯ ಎದುರು ನಿಂತು ನೋಡಿ, ಆಮೇಲೆ ಮಾತಾಡೋಣ.

ಹಾಗಾದರೆ ರಾಜರು ಸುರಂಗವನ್ನೇ ತೋಡಿಸಲಿಲ್ಲವೇ ಎಂದು ಮೇಷ್ಟರೊಬ್ಬರು ಕೇಳಿದ್ದಾರೆ. ತೋಡಿಸಿದ್ದಾರೆ ಮೇಷ್ಟ್ರೇ, ಅದೂ ನೀರಿಗಾಗಿಯೇ. ಬೀದರಿನ ನೌಬಾದಿನಲ್ಲಿ ನೆಲದಡಿ ಎರಡು ಕಿಲೋಮೀಟರಿಗೂ ಮಿಕ್ಕಿ ಸಾಗುವ ಕರೇಜ್ ಬಹಮನಿ ಕಾಲದ್ದು. ಅದರ ಗಾಳಿಬಾವಿಗಳು ಹೂತುಹೋಗಿ, ಕಸ ತುಂಬಿ, ಎಷ್ಟೋ ಕಾಲ ಕಣ್ಣಿಗೇ ಬೀಳದೆ ಇದ್ದವು. ವಿಜಯಪುರಕ್ಕೆ ತೊರವಿಯ ಕಡೆಯಿಂದ ನೀರು ತಂದ ಸುರಂಗ ಬಾವಡಿ ಆದಿಲ್‌ಶಾಹಿಗಳದು. ಇನ್ನು ಕೋಟೆಯ ಗುಟ್ಟಿನ ದಾರಿ ಎಂದರೆ ಚಿತ್ರದುರ್ಗದ ಓಬವ್ವನ ಕಿಂಡಿಯನ್ನು ನೆನಪಿಸಿಕೊಳ್ಳಿ: ಬಂಡೆಗಳ ನಡುವೆ ಒಬ್ಬ ಮನುಷ್ಯ ಹೇಗೋ ನುಸುಳುವಷ್ಟು ಸಂದು. ಹೈದರಾಲಿಯ ಸೈನಿಕರು ಅದರಲ್ಲಿ ಒಬ್ಬೊಬ್ಬರಾಗಿ ಬರಬೇಕಾದದ್ದರಿಂದಲೇ ಒನಕೆಗೆ ಕೆಲಸ ಸಿಕ್ಕಿತು.

ನಿಧಿಯವರಿಗೆ ಸೌಮ್ಯವಾಗಿ ಉತ್ತರಿಸಲು ನನ್ನಿಂದಾಗದು. ರಾತ್ರಿ ಹೊತ್ತು ಯಾರೋ ಬಂದು ಒಳಗಿನ ಗೋಡೆಯನ್ನು ಎರಡು ಕಡೆ ಅಗೆದು ಹೋಗಿದ್ದಾರೆ, ಕುಂಕುಮ ಮತ್ತು ಕೊಯ್ದ ಲಿಂಬೆಹಣ್ಣು ಬಿದ್ದಿವೆ. ಮೂಡುಬಿದಿರೆ ಹತ್ತಿರದ ಮೂಡುಕೊಣಾಜೆಯ ಕತೆ ಇವರಿಗೆ ಗೊತ್ತಿರಲಿ. ಬೃಹತ್ ಶಿಲಾಯುಗದ ಒಂಬತ್ತು ಕಲ್ಗೋರಿಗಳು ಅಲ್ಲಿದ್ದವೆಂದು ಪುಂಡಿಕಾಯಿ ಗಣಪಯ್ಯ ಭಟ್ಟರು 1980ರ ದಶಕದಲ್ಲಿ ಬರೆದಿದ್ದರು. ಮುಂದೆ ಅವುಗಳಲ್ಲಿ ಸರಿಯಾಗಿ ಉಳಿದದ್ದು ಎರಡೇ. ಪ್ರೊಫೆಸರ್ ಟಿ. ಮುರುಗೇಶಿ ಅಲ್ಲಿ ಶೋಧ ನಡೆಸಿದಾಗ ಸಿಕ್ಕಿದ್ದು ಸುಟ್ಟ ಮಣ್ಣಿನ ಗೊಂಬೆಗಳು: ಗೂಳಿ, ನವಿಲು, ಕುದುರೆ, ಮಾತೃದೇವತೆ. ಪೇಟೆಯಲ್ಲಿ ಅವಕ್ಕೆ ಮೂರು ಕಾಸು ಹುಟ್ಟಲಾರದು, ಚರಿತ್ರೆಗೆ ಅವೇ ನಿಧಿ. ಇನ್ನು ನಿಜವಾಗಿಯೇ ಚಿನ್ನ ಸಿಕ್ಕಿತು ಅಂತಿಟ್ಟುಕೊಳ್ಳಿ. ಕರ್ನಾಟಕದಲ್ಲಿ 1962ರಿಂದಲೇ ನಿಧಿ ಕಾಯ್ದೆಯಿದೆ. ಮುಚ್ಚಿಟ್ಟವರು ಹೋಗುವ ಜಾಗ ಕೋಟೆಯಲ್ಲ, ಠಾಣೆ.

ದೇವರ ವಿಷಯ ಎತ್ತಿದವರಿಗೆ ಎರಡೇ ಮಾತು. ನೆಲ್ಲಿತೀರ್ಥದ ಗುಹಾಲಯಕ್ಕೆ ನಾನೂ ತೆವಳಿಕೊಂಡು ಹೋಗಿ ಒಳಗಿನ ಮಣ್ಣನ್ನು ಹಣೆಗೆ ಹಚ್ಚಿಕೊಂಡವನೇ. ಅಲ್ಲಿ ಮಳೆಗಾಲದ ಅರ್ಧ ವರ್ಷ ಗುಹೆಯೊಳಕ್ಕೆ ಭಕ್ತರನ್ನು ಬಿಡುವುದಿಲ್ಲ. ನಮ್ಮ ಹುಡುಗರು ಮಾತ್ರ ಭರ್ತಿ ಮಳೆಯಲ್ಲಿ ಮೊಬೈಲ್ ಬೆಳಕು ಹಿಡಿದು ವಿಡಿಯೊ ಮಾಡಲು ನುಗ್ಗುತ್ತಿದ್ದಾರೆ.

ಇದನ್ನು ಕಂಡೇ ಇರಬೇಕು, ಜೆಸಿಬಿ ತಂದು ಬಾಯಿ ಮುಚ್ಚಿಬಿಡಿ ಎನ್ನುವವರೂ ಎದ್ದಿದ್ದಾರೆ. ಮಕ್ಕಳ ಮೇಲಿನ ಕಾಳಜಿ ಸರಿ, ಮದ್ದು ಸರಿಯಲ್ಲ. ಆ ಬಾಯಿಯಿಂದ ಈಗ ನೀರು ಹೊರಬರುತ್ತಿದೆ. ಅದಕ್ಕೆ ಮಣ್ಣು ತುರುಕಿದರೆ ನೀರು ಒಳಗೇ ನಿಂತು ಶೇಡಿ ಮಣ್ಣು ನೆನೆದು ಭಾರವಾಗುತ್ತದೆ, ದರೆ ಜರಿಯಲು ಅಷ್ಟು ಸಾಕು. ಕೆಳಗೆ ಮನೆಗಳಿವೆ. ಒಳಗೆ ಬಾವಲಿಗಳೂ ಇವೆ. ಅವು ಯಾವ ಜಾತಿಯವೆಂದು ಯಾರೂ ನೋಡಿಲ್ಲ. ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿರುವ ಒಂದು ಬಾವಲಿ ಪ್ರಭೇದ ಜಗತ್ತಿನ ಬೇರೆಲ್ಲೂ ಉಳಿದದ್ದು ಗೊತ್ತಿಲ್ಲ, ಅದರ ಸಂಖ್ಯೆ ಇನ್ನೂರಕ್ಕಿಂತ ಕಡಿಮೆ. ನಮ್ಮಲ್ಲಿ ಅಂಥದ್ದು ಇದೆ ಎನ್ನುತ್ತಿಲ್ಲ. ನೋಡದೆ ಮುಚ್ಚಬೇಡಿ ಎನ್ನುತ್ತಿದ್ದೇನೆ.

ಪಂಚಾಯತಿನವರು ಸದ್ಯಕ್ಕೆ ಮಾಡಬೇಕಾದ್ದು ಇಷ್ಟೇ: ಬಾಯಿಗೆ ಬಾವಲಿ ಹಾರುವಷ್ಟು ಎಡೆ ಬಿಟ್ಟು ಕಬ್ಬಿಣದ ಗೇಟು, ನೀರು ಹರಿಯಲು ಕಣಿ, ಮಳೆ ನಿಂತ ಮೇಲೆ ಭೂವಿಜ್ಞಾನ ಇಲಾಖೆಗೂ ಪುರಾತತ್ತ್ವ ಇಲಾಖೆಗೂ ಒಂದೊಂದು ಪತ್ರ. ಓದುಗರಲ್ಲಿ ಒಂದು ಕೋರಿಕೆ: ನಿಮ್ಮ ಗುಡ್ಡೆಯ ಸುರಂಗ ತೋಡಿದವರು ಯಾರೆಂದು ಮನೆಯ ಹಿರಿಯರಿಗೆ ನೆನಪಿದ್ದರೆ ಆ ಹೆಸರು, ಮನೆ, ಸುಮಾರು ವರ್ಷ ಕೇಳಿ ಬರೆದು ಕಳಿಸಿ. ತೊಂಬತ್ತು ದಾಟಿದವರನ್ನು ಮೊದಲು ಕೇಳಿ.