ಚಪ್ಪಾಳೆ ತಟ್ಟುವವಳ ಸಂಬಳ

‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯನ್ನು ಕಟ್ಟಿದವರು ಖಂಡಿತ ಗಂಡಸರೇ ಇರಬೇಕು. ಕಟ್ಟಿದ ಮೇಲೆ ಅದನ್ನು ಹೆಣ್ಣುಮಕ್ಕಳಿಗೆ ಬಾಯಿಪಾಠ ಮಾಡಿಸಿ, ತಾವು ಮಾತ್ರ ಹಾಯಾಗಿ ಮಾತಾಡುತ್ತಾ ಉಳಿದರು. ಮೌನವೇ ಬಂಗಾರವಾಗಿದ್ದಲ್ಲಿ, ನಲವತ್ತು ವರ್ಷ ಕಾಲ ಟೀವಿಯಲ್ಲಿ ಹೆಚ್ಚು ಮಾತಿಲ್ಲದೆ ನಗುನಗುತ್ತಾ ನಿಂತ ಒಬ್ಬ ಹೆಂಗಸಿಗೆ, ಅದೇ ವೇದಿಕೆಯಲ್ಲಿ ನಿಂತು ಮಾತಾಡಿದ ಗಂಡಸಿಗಿಂತ ಹೆಚ್ಚು ಸಂಬಳ ಸಿಗಬೇಕಾಗಿತ್ತು. ಸಿಕ್ಕಿದ್ದು ಅವನದರಲ್ಲಿ ಐದನೆಯ ಒಂದು ಪಾಲು.

ನಾನು ಹೇಳುತ್ತಿರುವುದು ಅಮೆರಿಕದ ‘ವ್ಹೀಲ್ ಆಫ್ ಫಾರ್ಚೂನ್’ ಎಂಬ ಟೀವಿ ಆಟದ ವನ್ನಾ ವೈಟ್ ಎಂಬಾಕೆಯ ವಿಷಯ. ಅಮೆರಿಕದವಳ ಸಂಬಳ ಕಟ್ಟಿಕೊಂಡು ನಮಗೇನಾಗಬೇಕು ಎಂದು ಪುಟ ತಿರುವಬೇಡಿ. ಮಗಳ ಬಾಣಂತನಕ್ಕೆಂದು ನಮ್ಮ ಊರುಗಳಿಂದ ಅಲ್ಲಿಗೆ ಹೋಗಿ ಆರು ತಿಂಗಳು ಇದ್ದು ಬಂದ ತಾಯಂದಿರಲ್ಲಿ ಅನೇಕರು ಈ ಆಟವನ್ನು ನೋಡಿರುತ್ತಾರೆ. ನಾನೂ ಹಾಗೆ ನೋಡಿದವಳೇ. ಸಂಜೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡಬಹುದಾದ, ಇಂಗ್ಲಿಷ್ ಅಷ್ಟಕ್ಕಷ್ಟೇ ಆದರೂ ಅರ್ಥವಾಗುವ ಆಟ ಅದು. ಹಲಗೆಯ ಮೇಲೆ ಒಂದು ವಾಕ್ಯದ ಅಕ್ಷರಗಳು ಮುಚ್ಚಿಕೊಂಡಿರುತ್ತವೆ. ಆಡುವವರು ದೊಡ್ಡ ಚಕ್ರ ತಿರುಗಿಸಿ ಒಂದೊಂದೇ ವ್ಯಂಜನವನ್ನು ಊಹಿಸಬೇಕು. ಸ್ವರ ಬೇಕೆಂದರೆ ಮಾತ್ರ ಗೆದ್ದ ಹಣದಲ್ಲಿ 250 ಡಾಲರ್ ಕೊಟ್ಟು ಕೊಳ್ಳಬೇಕು. ಪುರುಷ ನಿರೂಪಕ ಆಟ ನಡೆಸುತ್ತಾನೆ, ಹಾಸ್ಯ ಮಾಡುತ್ತಾನೆ. ಊಹೆ ಸರಿಯಾದಾಗ ಹಲಗೆಯ ಬಳಿ ನಿಂತ ಹೆಂಗಸು ಅಕ್ಷರವನ್ನು ತೋರಿಸಿ ಚಪ್ಪಾಳೆ ತಟ್ಟುತ್ತಾಳೆ.

ಈ ಆಟವನ್ನು ಹುಟ್ಟುಹಾಕಿದವರು ಮರ್ವ್ ಗ್ರಿಫಿನ್. 1975ರಲ್ಲಿ ಶುರುವಾದಾಗ ಚಕ್ ವೂಲರಿ ನಿರೂಪಕರಾಗಿದ್ದರು, ಸೂಸನ್ ಸ್ಟ್ಯಾಫರ್ಡ್ ಅಕ್ಷರ ತಿರುಗಿಸುತ್ತಿದ್ದರು. 1981ರಲ್ಲಿ ವೂಲರಿ ಸಂಬಳ ಹೆಚ್ಚಿಸಿ ಎಂದು ಕೇಳಿದರು, ಹೊಂದಿಕೆಯಾಗದೆ ಹೊರನಡೆಯಬೇಕಾಯಿತು. ಆದರೆ ಅದರಿಂದ ಅವರೇನೂ ಬೀದಿಗೆ ಬೀಳಲಿಲ್ಲ. 1983ರಲ್ಲಿ ಇನ್ನೊಂದು ಕಾರ್ಯಕ್ರಮದ ನಿರೂಪಕರಾದರು. ಅವರ ಜಾಗಕ್ಕೆ ಪ್ಯಾಟ್ ಸೆಜಾಕ್ ಬಂದರು. 1982ರಲ್ಲಿ ಸ್ಟ್ಯಾಫರ್ಡ್ ಕೂಡ ಬಿಟ್ಟಾಗ, ಆ ಕೆಲಸಕ್ಕೆ ಮುಂದೆ ಬಂದ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಆಯ್ಕೆಯಾದವಳು ವನ್ನಾ ವೈಟ್, ಸೌತ್ ಕೆರೊಲಿನಾ ಕಡೆಯ ಇಪ್ಪತ್ತೈದರ ಹುಡುಗಿ. ಆ ಡಿಸೆಂಬರಿನಲ್ಲಿ ಹಲಗೆಯ ಮುಂದೆ ನಿಂತವಳು ನಿರೂಪಕರು ಬದಲಾದರೂ ಅಲ್ಲಿಂದ ಕದಲಲಿಲ್ಲ.

ಆಕೆ ಅಲ್ಲಿ ಏನು ಮಾಡಿದಳು? ನಡೆದಳು, ನಕ್ಕಳು, ಅಕ್ಷರ ತಿರುಗಿಸಿದಳು, ಚಪ್ಪಾಳೆ ತಟ್ಟಿದಳು. ಟೀವಿಯಲ್ಲಿ ಅತಿ ಹೆಚ್ಚು ಚಪ್ಪಾಳೆ ತಟ್ಟಿದವಳೆಂದು ಗಿನ್ನೆಸ್ ದಾಖಲೆ ಪುಸ್ತಕದಲ್ಲಿ ಆಕೆಯ ಹೆಸರಿದೆ. ನೋಡಿ, ಹೆಣ್ಣಿಗೆ ದಾಖಲೆ ಸಿಕ್ಕಿದ್ದು ಯಾವುದಕ್ಕೆ! ಬೇರೆಯವರ ಗೆಲುವಿಗೆ ಸಂತೋಷಪಟ್ಟದ್ದಕ್ಕೆ. ಕಂತಿಗೊಂದು ಹೊಸ ಉಡುಗೆ ತೊಟ್ಟು, ಒಮ್ಮೆ ತೊಟ್ಟದ್ದನ್ನು ಮತ್ತೆ ತೊಡದೆ, ಸಾವಿರಾರು ಗೌನುಗಳಲ್ಲಿ ಮೆರೆದಳು. ಆದರೆ ಆ ಗೌನುಗಳು ಆಕೆಯವಲ್ಲ, ಎರವಲು ತಂದವು. ಚಿತ್ರೀಕರಣ ಮುಗಿದ ಮೇಲೆ ವಾಪಸು ಹೋಗುತ್ತಿದ್ದವು. ಮದುವೆ ಮನೆಗೆ ಪಕ್ಕದ ಮನೆಯವರ ಸರ ಹಾಕಿಕೊಂಡು ಹೋಗಿ ಬೆಳಿಗ್ಗೆ ಹಿಂತಿರುಗಿಸುವ ಸಂಕಟ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1987ರಲ್ಲಿ ಆಕೆ ಆತ್ಮಕಥೆ ಬರೆದಳು. ಅದರ ಹೆಸರು ‘ವನ್ನಾ ಸ್ಪೀಕ್ಸ್’, ಎಂದರೆ ವನ್ನಾ ಮಾತಾಡುತ್ತಾಳೆ! ಮಾತಾಡಲು ಬರುತ್ತದೆ ಎಂದು ತಿಳಿಸಲು ಪಾಪ, ಪುಸ್ತಕವನ್ನೇ ಬರೆಯಬೇಕಾಯಿತು.

‘ಅಕ್ಷರ ತಿರುಗಿಸುವುದೂ ಒಂದು ಕೆಲಸವೇ? ಯಾರು ಬೇಕಾದರೂ ಮಾಡಬಹುದು’ ಎಂದು ಮೂಗು ಮುರಿಯುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ನನ್ನ ಜಗಳ ಇರುವುದು ಈ ಮಾತಿನ ಜೊತೆಗೇ. ಬಾಣಂತನ ಮುಗಿಸಿ ಊರಿಗೆ ಬಂದ ತಾಯಿಯನ್ನು ಎಲ್ಲರೂ ಕೇಳುವುದು, ‘ಆರು ತಿಂಗಳು ಅಮೆರಿಕದಲ್ಲಿ ಆರಾಮಾಗಿದ್ದಿರಲ್ಲ?’ ಎಂದು. ರಾತ್ರಿ ಮೂರು ಸಲ ಎದ್ದದ್ದು, ಎಣ್ಣೆ ನೀರು ಎರೆದದ್ದು, ಮೆಣಸಿನ ಸಾರು ಕುದಿಸಿದ್ದು, ಮಗಳು ಅತ್ತಾಗ ತಾನು ನಕ್ಕಿದ್ದು, ಇವು ಯಾವುವೂ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಯಾಕೆಂದರೆ ನಾವು ಅವನ್ನು ನಗುತ್ತಾ ಮಾಡುತ್ತೇವೆ. ಏದುಸಿರು ಬಿಡುತ್ತಾ, ಬೈಯುತ್ತಾ ಮಾಡಿದ್ದರೆ ಕೆಲಸವೆಂದು ಒಪ್ಪಿಕೊಳ್ಳುತ್ತಿದ್ದರೋ ಏನೋ! ಕಷ್ಟ ಕಾಣದಂತೆ ಮಾಡುವುದೇ ಈ ಕೆಲಸದ ಮರ್ಮ; ಕಾಣಲಿಲ್ಲವೆಂಬುದೇ ಕೂಲಿ ಕೊಡದಿರಲು ನೆಪ.

ಯಾರು ಬೇಕಾದರೂ ಮಾಡಬಹುದು ಎಂಬ ಮಾತನ್ನು ಒಂದು ದೊಡ್ಡ ಕಂಪನಿ ಅಕ್ಷರಶಃ ಪರೀಕ್ಷಿಸಿಯೇ ಬಿಟ್ಟಿತು. ಸ್ಯಾಮ್‌ಸಂಗ್ ತನ್ನ ವೀಡಿಯೋ ರೆಕಾರ್ಡರಿನ ಜಾಹೀರಾತಿನಲ್ಲಿ ಒಂದು ಯಂತ್ರದ ಬೊಂಬೆಗೆ ಹೊಂಗೂದಲಿನ ಟೋಪನ್ ಹಾಕಿ, ಗೌನು ತೊಡಿಸಿ, ಒಡವೆ ಇಟ್ಟು, ಅಂಥದೇ ಅಕ್ಷರದ ಹಲಗೆಯ ಪಕ್ಕ ನಿಲ್ಲಿಸಿತು. 2012ನೆಯ ಇಸವಿಯಲ್ಲೂ ಈ ಆಟ ನಡೆಯುತ್ತಿರುತ್ತದೆ, ಆಗ ಹೆಂಗಸಿನ ಬದಲು ಯಂತ್ರ ನಿಂತಿರುತ್ತದೆ ಎಂಬುದು ಅದರ ಕುಹಕ. ಆ ಸಾಲಿನ ಬೇರೆ ಜಾಹೀರಾತುಗಳಲ್ಲಿ ಬಳಸಿಕೊಂಡ ಪ್ರಸಿದ್ಧರನ್ನು ಕೇಳಿ, ದುಡ್ಡು ಕೊಟ್ಟಿದ್ದರು. ಈಕೆಯನ್ನು ಕೇಳಲೂ ಇಲ್ಲ, ಕಾಸೂ ಕೊಡಲಿಲ್ಲ. ವನ್ನಾ ಕೋರ್ಟಿಗೆ ಹೋದಳು. ಕೆಳಗಿನ ಕೋರ್ಟಿನಲ್ಲಿ ಸೋತಳು. 1992ರಲ್ಲಿ ಮೇಲಿನ ಕೋರ್ಟು, ಹೆಸರಿಲ್ಲದಿದ್ದರೂ ಮುಖವಿಲ್ಲದಿದ್ದರೂ ನೋಡಿದವರಿಗೆ ಇದು ಯಾರೆಂದು ತಿಳಿಯುತ್ತದೆ, ಆದ್ದರಿಂದ ಆಕೆಯ ದಾವೆಗೆ ಆಧಾರವಿದೆ ಎಂದಿತು. 1994ರಲ್ಲಿ ತೀರ್ಪುಗಾರರ ಮಂಡಲಿ 4,03,000 ಡಾಲರ್ ಪರಿಹಾರ ಕೊಡಿಸಿತು. ಯಾರು ಬೇಕಾದರೂ ಮಾಡಬಹುದಾದ ಕೆಲಸವಾಗಿದ್ದರೆ, ಟೋಪನ್ ಹಾಕಿದ ಒಂದು ಬೊಂಬೆಯನ್ನು ನೋಡಿ ಜನ ಈಕೆಯ ಹೆಸರನ್ನೇ ಯಾಕೆ ಹೇಳುತ್ತಿದ್ದರು?

ಇನ್ನೂ ಒಂದು ಸಂಗತಿ ಕೇಳಿ. 1997ರಲ್ಲಿ ಆ ಹಲಗೆಯನ್ನು ಬದಲಾಯಿಸಿ ವಿದ್ಯುತ್ ಪರದೆಗಳನ್ನು ಜೋಡಿಸಿದರು. ಅಂದಿನಿಂದ ಅಕ್ಷರ ತಿರುಗಿಸುವ ಕೆಲಸವೇ ಇಲ್ಲದಾಯಿತು, ಬೆರಳಿಂದ ಮುಟ್ಟಿದರೆ ಸಾಕಾಗುತ್ತಿತ್ತು. ನಿಜ ಹೇಳಬೇಕೆಂದರೆ, ಮುಟ್ಟದಿದ್ದರೂ ಬೆಳಗುವಂತೆ ಮಾಡುವುದು ಯಂತ್ರಕ್ಕೆ ಎಷ್ಟರ ಮಾತು? ಹಾಗಿದ್ದರೆ ಆಕೆಯನ್ನು ಮನೆಗೆ ಕಳುಹಿಸಬಹುದಿತ್ತಲ್ಲ! ಕಳುಹಿಸಲಿಲ್ಲ. ಲಾಭನಷ್ಟ ಬಲ್ಲ ವ್ಯಾಪಾರಿಗಳು ಅವರು; ಪುಕ್ಕಟೆಯಾಗಿ ಯಾರನ್ನೂ ಸಾಕುವುದಿಲ್ಲ. ಜನ ಆಟದ ಜೊತೆಗೆ ಆಕೆಯನ್ನೂ ನೋಡಲು ಕೂರುತ್ತಾರೆ, ಸೋತವರಿಗೂ ಆಕೆಯ ನಗುವಿನಿಂದ ಸಮಾಧಾನವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಕೊಂಡದ್ದು ಆಕೆಯ ವರ್ಚಸ್ಸನ್ನು. ಬೆಲೆ ಕಟ್ಟಿದ್ದು ಮಾತ್ರ ಬೆರಳಿನ ಕೆಲಸಕ್ಕೆ. ತಕ್ಕಡಿಯಲ್ಲಿ ತುಪ್ಪ ತೂಗಿಸಿಕೊಂಡು ಮಜ್ಜಿಗೆಯ ದರ ಕೊಟ್ಟಂತೆ ಇದು. ಇದನ್ನು ಮೋಸವೆನ್ನದೆ ಇನ್ನೇನೆನ್ನಬೇಕು, ನೀವೇ ಹೇಳಿ.

ಲೆಕ್ಕ ಬಯಲಾದದ್ದು 2023ರಲ್ಲಿ. ಆ ವರ್ಷ ಸೆಜಾಕ್ ನಿವೃತ್ತಿ ಘೋಷಿಸಿದಾಗ ವನ್ನಾಳ ಕರಾರೂ ಮುಗಿಯುವುದರಲ್ಲಿತ್ತು. ಅಲ್ಲಿನ ಪತ್ರಿಕೆಗಳು ಬರೆದ ಪ್ರಕಾರ, ಆಕೆಯ ವರ್ಷದ ಸಂಬಳ 30 ಲಕ್ಷ ಡಾಲರ್, ಸೆಜಾಕರದು ಸುಮಾರು 1.5 ಕೋಟಿ ಡಾಲರ್. 18 ವರ್ಷಗಳಿಂದ ಆಕೆಗೆ ಒಂದು ಬಡ್ತಿಯೂ ಸಿಕ್ಕಿರಲಿಲ್ಲ.

‘30 ಲಕ್ಷ ಡಾಲರ್ ಸಾಲದೇ? ಇದೂ ಒಂದು ಅನ್ಯಾಯವೇ?’ ಎಂದು ಈಗ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಆಕೆ ಬಡವಿ ಎನ್ನುತ್ತಿಲ್ಲ. ಗದ್ದೆಯಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂಬುದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ. ಓದಿ, ಹೆಸರು ಮಾಡಿ, ದೊಡ್ಡ ಊರು ಸೇರಿ, ಪ್ರಪಂಚದ ಶ್ರೀಮಂತ ದೇಶದ ಟೀವಿಯಲ್ಲಿ ಮಿಂಚಿದರೆ ಈ ಲೆಕ್ಕ ಬದಲಾದೀತು ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಂಡು ಬಂದಿದ್ದೇವಲ್ಲ? ಏಣಿಯ ತುದಿಯಲ್ಲೂ ಗದ್ದೆಯ ಲೆಕ್ಕವೇ ನಡೆದಿದೆ. ಸಿಟ್ಟು ಬರಬೇಕಾದದ್ದು ಅದಕ್ಕೆ.

‘ಆಟ ನಡೆಸುವುದು ಬೇರೆ, ಅಕ್ಷರ ತೋರಿಸುವುದು ಬೇರೆ’ ಎಂಬುದು ಎರಡನೆಯ ವಾದ. ಇರಲಿ, ಒಪ್ಪೋಣ. 2019ರ ನವೆಂಬರಿನಲ್ಲಿ ಸೆಜಾಕರಿಗೆ ತುರ್ತು ಶಸ್ತ್ರಚಿಕಿತ್ಸೆಯಾದಾಗ ಆಟ ನಡೆಸಿದವರು ಯಾರು? ಇದೇ ವನ್ನಾ. 37 ವರ್ಷ ಪಕ್ಕದಲ್ಲಿ ನಿಂತು ನೋಡಿದ ಕೆಲಸ. ಕಾರ್ಯಕ್ರಮ ನಿಲ್ಲಲಿಲ್ಲ, ಚಕ್ರ ತಿರುಗಿತು. ಕಷ್ಟಕಾಲಕ್ಕೆ ಆದವಳು ಕಾಯಂ ಆಗುವ ಕಾಲಕ್ಕೆ ಯಾರ ಕಣ್ಣಿಗೂ ಬೀಳಲಿಲ್ಲ. 2024ರ ಜೂನ್‌ನಲ್ಲಿ ಸೆಜಾಕರ ಕೊನೆಯ ಕಂತು ಪ್ರಸಾರವಾಯಿತು. ಸೆಪ್ಟೆಂಬರಿನಲ್ಲಿ ಆ ಜಾಗಕ್ಕೆ ಬಂದವರು ರಯಾನ್ ಸೀಕ್ರೆಸ್ಟ್. ವನ್ನಾ ಆ ಹಲಗೆಯ ಮುಂದೆ ಮೊದಲ ಸಲ ನಿಂತಾಗ ಆತ ಇನ್ನೂ ಶಾಲೆಗೆ ಹೋಗುವ ಹುಡುಗ.

‘ಆಕೆಯೇ ಕೇಳಲಿಲ್ಲವಲ್ಲ’ ಎಂಬುದು ಮೂರನೆಯ ವಾದ, ಎಲ್ಲಕ್ಕಿಂತ ಜಾಣತನದ್ದು. ಕುರ್ಚಿಯ ಆಸೆ ಇರಲಿಲ್ಲವೆಂದೇ ಇಟ್ಟುಕೊಳ್ಳೋಣ. ನಿಂತ ಜಾಗದಲ್ಲೇ ನಿಂತವಳಿಗೆ ನ್ಯಾಯವಾದ ಸಂಬಳ ಕೊಡಲು ಏನಡ್ಡಿಯಿತ್ತು? 18 ವರ್ಷ ಕೇಳಲಿಲ್ಲವೆಂದೇ ಕೊಡದೆ ಉಳಿದದ್ದು ಎಂಥ ಧರ್ಮ? ಹೊರಗೆ ಹೋದ ವೂಲರಿಯ ಕಥೆ ಆಕೆಗೆ ಗೊತ್ತಿಲ್ಲದ್ದೇನಲ್ಲ. ಆ ಆಟದಲ್ಲಿ ಸ್ವರ ಬೇಕಾದರೆ ಬೆಲೆ ತೆರಬೇಕು ಎಂದೆನಲ್ಲ, ಹೆಂಗಸು ಸ್ವರ ಎತ್ತಿದರೂ ಹಾಗೆಯೇ. ಕೊನೆಗೂ ಆಕೆ ಎತ್ತಿದಳು. 2023ರ ಸೆಪ್ಟೆಂಬರಿನಲ್ಲಿ ಇನ್ನೆರಡು ವರ್ಷಕ್ಕೆ ಹೊಸ ಕರಾರಾಯಿತು. ಕೇಳಿದ್ದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ.

ಹೆಂಗಸರಿಗೆ ಆಟ ನಡೆಸಲು ಬರುವುದಿಲ್ಲ ಎಂದಾದರೂ ಹೇಳುವಂತಿದೆಯೇ? ವನ್ನಾ ಕೆಲಸಕ್ಕೆ ಸೇರಿದ ಮರು ತಿಂಗಳೇ, 1983ರ ಜನವರಿಯಲ್ಲಿ, ಅದೇ ದೇಶದಲ್ಲಿ ಬೆಟ್ಟಿ ವೈಟ್ ಎಂಬ ನಟಿ ಒಂದು ಆಟದ ಕಾರ್ಯಕ್ರಮ ನಡೆಸಿ, ಆ ವರ್ಷ ಅತ್ಯುತ್ತಮ ನಿರೂಪಣೆಯ ಎಮ್ಮಿ ಪ್ರಶಸ್ತಿ ಪಡೆದ ಮೊದಲ ಹೆಂಗಸಾದರು. ಪ್ರಶಸ್ತಿ ಬಂತು, ಆದರೆ ಕಾರ್ಯಕ್ರಮ ಕೆಲವೇ ತಿಂಗಳಲ್ಲಿ ನಿಂತುಹೋಗಿತ್ತು.

ನಮ್ಮಲ್ಲಿ ಏನು ಭಿನ್ನ? 2000ದಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಬಂದಾಗ ಆ ಕುರ್ಚಿಯಲ್ಲಿ ಅಮಿತಾಭ್ ಬಚ್ಚನ್. 2007ರಲ್ಲಿ ಒಮ್ಮೆ ಬದಲಾದಾಗ ಶಾರುಖ್ ಖಾನ್. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಬಂತು. ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟರು, 2018ರಲ್ಲಿ ರಮೇಶ್ ಅರವಿಂದ್. ಚಂದನದಲ್ಲಿ 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ಯಲ್ಲಿ ಹಣದ ಬದಲು ಪುಸ್ತಕ ಕೊಟ್ಟ ಡಾ. ನಾ. ಸೋಮೇಶ್ವರರ ಮೇಲೆ ನನಗೆ ಅಪಾರ ಗೌರವವಿದೆ. ಇವರಲ್ಲಿ ಯಾರ ಯೋಗ್ಯತೆಯ ಬಗೆಗೂ ನನ್ನ ತಕರಾರಿಲ್ಲ. ಪ್ರಶ್ನೆ ಕೇಳುವ ಕುರ್ಚಿ ಎಂದೊಡನೆ ನಮ್ಮ ಕಣ್ಣ ಮುಂದೆ ಗಂಡಸೇ ಬರುತ್ತಾನಲ್ಲ, ಅದರ ಬಗ್ಗೆ ತಕರಾರು.

ಹೆಂಗಸಿಗೆ ಕುರ್ಚಿ ಕೊಟ್ಟಾಗ ಏನು ಮಾಡಿದರು ಗೊತ್ತೇ? 2001ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ಕಮ್‌ಜೋರ್ ಕಡೀ ಕೌನ್’ ಬಂತು. ಇಂಗ್ಲೆಂಡಿನಲ್ಲಿ ಆನ್ ರಾಬಿನ್ಸನ್ ನಡೆಸುತ್ತಿದ್ದ ಆಟದ ಹಿಂದಿ ರೂಪ ಅದು. ನೀನಾ ಗುಪ್ತಾ ಅವರನ್ನು ನಿಲ್ಲಿಸಿ, ಆಡುವವರನ್ನು ಗದರಿಸಿ ಚುಚ್ಚಿ ಹೊರಗೆ ಹಾಕುವ ಪಾತ್ರ ಕೊಟ್ಟರು. ಎಂದರೆ ಹೆಣ್ಣು ಒಂದೋ ತುಟಿ ಬಿಚ್ಚದೆ ನಗಬೇಕು, ಇಲ್ಲ ಗಯ್ಯಾಳಿ ಅತ್ತೆಯಾಗಬೇಕು. ಬಚ್ಚನ್ ಅವರಂತೆ ಗಂಭೀರವಾಗಿ, ಆದರದಿಂದ ಕೂತು ಪ್ರಶ್ನೆ ಕೇಳುವ ಹೆಣ್ಣನ್ನು ಊಹಿಸಲು ಇವರಿಗೆ ಇಷ್ಟು ಕಷ್ಟವೇಕೆ? ಆಗದ ಮಾತಲ್ಲ ಎಂದು ತಮಿಳಿನವರು 2019ರ ಕೊನೆಗೆ ತೋರಿಸಿದರು. ಕೋಟ್ಯಧಿಪತಿಯ ಆಟವನ್ನೇ ‘ಕೋಡೀಶ್ವರಿ’ ಎಂದು ಹೆಂಗಸರಿಗಾಗಿ ಮಾಡಿ, ರಾಧಿಕಾ ಶರತ್‌ಕುಮಾರ್ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದರು. 2020ರ ಜನವರಿಯಲ್ಲಿ ಅಲ್ಲಿ ಒಂದು ಕೋಟಿ ಗೆದ್ದಾಕೆ ಕಿವಿ ಕೇಳದ, ಮಾತು ಬಾರದ ಹೆಣ್ಣುಮಗಳು. ಕೂರಿಸಿದರೆ ಕೂರುತ್ತೇವೆ, ಕೇಳಿದರೆ ಉತ್ತರಿಸುತ್ತೇವೆ.

ಟೀವಿಯ ಮಾತು ಬಿಡಿ. ನಮ್ಮ ಊರುಗಳ ಯಾವ ಸಮಾರಂಭಕ್ಕೆ ಬೇಕಾದರೂ ಹೋಗಿ. ಅಧ್ಯಕ್ಷರು, ಉದ್ಘಾಟಕರು, ನಿರೂಪಕರು ಬಹುಪಾಲು ಗಂಡಸರು. ವೇದಿಕೆಯ ಅಂಚಿನಲ್ಲಿ ರೇಷ್ಮೆ ಸೀರೆ ಉಟ್ಟು, ಹಾರ, ಶಾಲು, ಸ್ಮರಣಿಕೆಗಳ ತಟ್ಟೆ ಹಿಡಿದು ಎರಡು ಗಂಟೆ ನಿಂತ ಒಬ್ಬ ಹುಡುಗಿ ಇರುತ್ತಾಳೆ. ವಂದನಾರ್ಪಣೆಯಲ್ಲಿ ಶಾಮಿಯಾನದವರ ಹೆಸರು ಬರುತ್ತದೆ, ಮೈಕಿನವರ ಹೆಸರು ಬರುತ್ತದೆ, ಆ ಹುಡುಗಿಯ ಹೆಸರು ಬರುವುದಿಲ್ಲ. ಆಕೆ ನಕ್ಕಿದ್ದರಿಂದಲೇ ಫೋಟೋ ಚೆನ್ನಾಗಿ ಬಂತು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ನಗುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ನಗು ನಮ್ಮ ಸೊತ್ತು. ಆದರೆ ಅದನ್ನು ಇನ್ನೊಬ್ಬರು ಬಂಡವಾಳ ಮಾಡಿಕೊಳ್ಳುವಾಗ ಲೆಕ್ಕ ಕೇಳುವುದು ದುರಾಸೆಯಲ್ಲ, ಗಯ್ಯಾಳಿತನವೂ ಅಲ್ಲ. ಮುಂದಿನ ಸಲ ಯಾರಾದರೂ ನಿಮ್ಮ ಮನೆಗೆ ಬಂದು, ‘ಕಾರ್ಯಕ್ರಮದಲ್ಲಿ ತಟ್ಟೆ ಹಿಡಿಯೋಕೆ ನಿಮ್ಮ ಮಗಳನ್ನು ಕಳಿಸಿಕೊಡಿ’ ಎಂದರೆ, ಕಾಫಿ ಕೊಟ್ಟು ಕೂರಿಸಿ, ಮೈಕು ಯಾರ ಕೈಯಲ್ಲಿ ಎಂದು ಮೊದಲು ಕೇಳಿ. ತಟ್ಟೆಯ ಮಾತು ಆಮೇಲೆ ಆಡಬಹುದು.